ಆ ಕಾಲ್ ಸರಿಯಿತ್ತಾ? ಪೋಕರ್ ಲೆಕ್ಕದ ಪ್ರೋಗ್ರಾಂ ಬರೆದ ಕಥೆ

ಈ ಪ್ರೋಗ್ರಾಂ ಹುಟ್ಟಿದ್ದು ಒಂದು ಜಗಳದಿಂದ. ದುಡ್ಡಿನ ಜಗಳ ಅಲ್ಲ, ನಾವು ಆಡುವುದು ಬರೀ ಪ್ಲಾಸ್ಟಿಕ್ ಚಿಪ್ಸ್ ಇಟ್ಟುಕೊಂಡು. ಆಟ ಟೆಕ್ಸಾಸ್ ಹೋಲ್ಡೆಮ್. ಕೈಯಲ್ಲಿ ಎರಡು ಎಲೆ, ಮೇಜಿನ ಮೇಲೆ ಎಲ್ಲರಿಗೂ ಸೇರಿದ ಐದು ಎಲೆ. ಈ ಏಳರಲ್ಲಿ ಯಾರ ಐದು ದೊಡ್ಡದೋ ಅವರಿಗೆ ಪಾಟ್, ಅಂದರೆ ಮೇಜಿನ ಮಧ್ಯೆ ಸೇರಿದ ಚಿಪ್ಸ್ ಎಲ್ಲಾ.

ನನ್ನ ಕೈಯಲ್ಲಿ ಹಾರ್ಟ್ ಗುಲಾಮ, ಹಾರ್ಟ್ 7. ಫ್ಲಾಪ್‌ನಲ್ಲಿ (ಮೇಜಿನ ಮೊದಲ ಮೂರು ಎಲೆ) ಬಿದ್ದದ್ದು ಹಾರ್ಟ್ ರಾಜ, ಹಾರ್ಟ್ 4, ಸ್ಪೇಡ್ 2. ಪಾಟ್‌ನಲ್ಲಿ 60 ಚಿಪ್ಸ್ ಇತ್ತು. ಎದುರಿಗೆ ಕೂತ ಗೆಳೆಯ ತನ್ನ ಹತ್ತಿರ ಉಳಿದಿದ್ದ 60 ಚಿಪ್ಸನ್ನೂ ಮುಂದಕ್ಕೆ ತಳ್ಳಿದ. ಆಲ್ ಇನ್. ನಾನು ಕಾಲ್ ಮಾಡಿದೆ, ಅಂದರೆ ಅಷ್ಟೇ 60 ನಾನೂ ಇಟ್ಟೆ. ಅವನು ಎರಡು 4 ತಿರುಗಿಸಿ ಇಟ್ಟ. ಟರ್ನ್‌ನಲ್ಲಿ (ನಾಲ್ಕನೆಯ ಎಲೆ) ಹಾರ್ಟ್ 9 ಬಂತು, ಐದೂ ಹಾರ್ಟ್ ಆಗಿ ನನಗೆ ಫ್ಲಶ್, ನಾನು ಕುರ್ಚಿಯಿಂದ ಎದ್ದೇಬಿಟ್ಟೆ. ರಿವರ್‌ನಲ್ಲಿ (ಕೊನೆಯ ಎಲೆ) ಕ್ಲಬ್ 2. ಅವನಿಗೆ ಫುಲ್ ಹೌಸ್. ಮೂರು 4, ಎರಡು 2, ನನ್ನ ಫ್ಲಶ್‌ಗಿಂತ ದೊಡ್ಡದು. ಮತ್ತೆ ಕೂತೆ.

"ಯಾವ ಧೈರ್ಯಕ್ಕೆ ಕಾಲ್ ಮಾಡಿದೆ ಮಾರಾಯ?"

"ಒಂಬತ್ತು ಔಟ್ಸ್ ಇತ್ತು ಕಣೋ. ಶೇ. 35."

"ಒಂಬತ್ತಕ್ಕೆ 35 ಎಲ್ಲಿಂದ ಬಂತು? 19 ಅಷ್ಟೇ."

ಔಟ್ಸ್ ಅಂದರೆ ಬಂದರೆ ನನ್ನನ್ನು ಗೆಲ್ಲಿಸುವ ಎಲೆಗಳು. ಇಬ್ಬರ ಲೆಕ್ಕವೂ ಎಲ್ಲಿಂದಲೋ ಎದ್ದು ಬಂದದ್ದಲ್ಲ. ನನಗೆ ಕಾಣದ ಎಲೆಗಳು 47, ಅದರಲ್ಲಿ ಹಾರ್ಟ್ 9. ಟರ್ನ್ ಒಂದನ್ನೇ ನೋಡಿದರೆ 47ರಲ್ಲಿ 9, ಅಂದರೆ ಶೇ. 19.1. ಟರ್ನ್, ರಿವರ್ ಎರಡನ್ನೂ ನೋಡುವ ಹಾಗಿದ್ದರೆ ಎರಡು ಸಲವೂ ತಪ್ಪಿಹೋಗುವ ಸಾಧ್ಯತೆ 38/47 × 37/46, ಸುಮಾರು ಶೇ. 65. ಉಳಿದದ್ದು 35. ಅವನು ಆಲ್ ಇನ್ ಹೋಗಿದ್ದರಿಂದ ಆಮೇಲೆ ಬೆಟ್ಟಿಂಗ್ ಇಲ್ಲ, ಎರಡೂ ಎಲೆ ನನಗೆ ಸಿಕ್ಕೇ ಸಿಗುತ್ತಿತ್ತು. ಹಾಗಾಗಿ ಇಲ್ಲಿ 35 ಹಿಡಿಯಬೇಕು. 60 ಕೊಟ್ಟು 180ರ ಪಾಟ್‌ಗೆ ಆಡಲು ಬೇಕಾದದ್ದು ಮೂರರಲ್ಲಿ ಒಂದು, ಶೇ. 33.3. ನನ್ನ ಹತ್ತಿರ 35 ಇದೆ. ಕಾಲ್ ಸರಿ, ಕಥೆ ಮುಗೀತು ಅಂದುಕೊಂಡೆ. ಒಂದು ಪ್ರೋಗ್ರಾಂ ಬರೆದು ತೋರಿಸಿ ಅವನ ಬಾಯಿ ಮುಚ್ಚಿಸೋಣ ಅಂತ ಪೈಥಾನ್ ತೆರೆದು ಕೂತೆ.

ಮೊದಲ ರಾತ್ರಿ: 1,020 ಎಲ್ಲಿ ಹೋಯಿತು

ಎಲೆಗಳಿಗೆ 0ಯಿಂದ 51ರವರೆಗೆ ನಂಬರು ಕೊಟ್ಟೆ. 4ರಿಂದ ಭಾಗಿಸಿದರೆ ಬರುವ ಭಾಗಲಬ್ಧ ಎಲೆಯ ದರ್ಜೆ, ಶೇಷ ಅದರ ಸೂಟ್ (ಹಾರ್ಟ್, ಸ್ಪೇಡ್, ಡೈಮಂಡ್, ಕ್ಲಬ್). ಇದಕ್ಕಿಂತ ಬುದ್ಧಿವಂತ ದಾರಿಗಳಿವೆ. ದರ್ಜೆಗೊಂದು ಅವಿಭಾಜ್ಯ ಸಂಖ್ಯೆ ಕೊಟ್ಟು ಗುಣಿಸುವ ಹಳೆಯ ಚಮತ್ಕಾರವೂ ಇದೆ. ಆದರೆ ತಪ್ಪಾದಾಗ ಕಣ್ಣಲ್ಲಿ ಓದಿ ಹಿಡಿಯುವಷ್ಟು ಸರಳವಾಗಿರಲಿ ಅಂತ ಇದನ್ನೇ ಇಟ್ಟುಕೊಂಡೆ.

ಆಮೇಲೆ ಐದು ಎಲೆ ಕೊಟ್ಟರೆ ಅದು ಯಾವ ಹ್ಯಾಂಡ್ ಅಂತ ಹೇಳುವ ಕೋಡ್ ತುಂಡು. ಇದರಲ್ಲಿ ಒಂದು ಅನುಕೂಲ ಇದೆ. 52 ಎಲೆಯಲ್ಲಿ ಐದನ್ನು ಆರಿಸುವ ಬಗೆ ಒಟ್ಟು 25,98,960. ಅದರಲ್ಲಿ ಯಾವ ಹ್ಯಾಂಡ್ ಎಷ್ಟು ಅನ್ನುವುದು ಕಾಗದದ ಮೇಲೆ ಲೆಕ್ಕ ಹಾಕಬಹುದು. ಫ್ಲಶ್ 5,108, ಸ್ಟ್ರೈಟ್ (ಒಂದರ ಹಿಂದೊಂದು ಬರುವ ಐದು ದರ್ಜೆ) 10,200, ಫುಲ್ ಹೌಸ್ 3,744, ಎರಡೂ ಒಂದರಲ್ಲೇ ಇರುವ ಸ್ಟ್ರೈಟ್ ಫ್ಲಶ್, 10ರಿಂದ ಎಕ್ಕದವರೆಗಿನ ರಾಯಲ್ ಸೇರಿ, 40. ಪ್ರೋಗ್ರಾಂಗೆ ಇಪ್ಪತ್ತಾರು ಲಕ್ಷವನ್ನೂ ತಿನ್ನಿಸಿ, ಎಣಿಕೆ ತಾಳೆಯಾದರೆ ಮುಂದಕ್ಕೆ ಹೋಗಬಹುದು.

ತಾಳೆಯಾಗಲಿಲ್ಲ. ಸ್ಟ್ರೈಟ್ 9,180 ಬಂತು. ಸ್ಟ್ರೈಟ್ ಫ್ಲಶ್ 36. ಫ್ಲಶ್ ನಾಲ್ಕು ಜಾಸ್ತಿ.

ಕೊರತೆ ಸರಿಯಾಗಿ 1,020. ಐದು ದರ್ಜೆಗೂ ನಾಲ್ಕು ಸೂಟ್ ಅಂದರೆ 4ನ್ನು ಐದು ಸಲ ಗುಣಿಸಿ 1,024, ಅದರಲ್ಲಿ ಐದೂ ಒಂದೇ ಸೂಟ್ ಆಗಿರುವ 4 ಕಳೆದರೆ 1,020. ಅಂದರೆ ಒಂದೇ ಒಂದು ಬಗೆಯ ಸ್ಟ್ರೈಟ್ ಪೂರ್ತಿ ಕಾಣೆಯಾಗಿದೆ. ಹುಡುಕುವುದೇ ಬೇಡ, ಎಕ್ಕ-2-3-4-5. ಎಕ್ಕಕ್ಕೆ ನಾನು 14 ಅಂತ ಬೆಲೆ ಕೊಟ್ಟಿದ್ದೆ, ಅದು 1 ಕೂಡ ಆಗಬೇಕು ಅನ್ನುವುದು ಮರೆತಿತ್ತು. ಒಂದು ಸಾಲು ಸೇರಿಸಿದೆ. ಎಣಿಕೆ ಎಲ್ಲಾ ಕೂಡಿ ಬಂತು. ಖುಷಿಯಲ್ಲಿ ಮಲಗಿದೆ.

ಮರುದಿನ ಸುಮ್ನೆ ಇನ್ನೊಂದು ಪರೀಕ್ಷೆ ಮಾಡಿದೆ. ಐದು ಎಲೆಯ ಹ್ಯಾಂಡ್‌ಗಳನ್ನು ಬಲದ ಪ್ರಕಾರ ಸಾಲಾಗಿ ನಿಲ್ಲಿಸಿದರೆ ಬೇರೆ ಬೇರೆ ಮಟ್ಟಗಳು ಒಟ್ಟು 7,462 ಬರಬೇಕು. ನನಗೆ ಬಂದದ್ದು 7,460. ಎರಡೇ ಎರಡು ಕಡಿಮೆ. ಎಣಿಕೆ ಪರೀಕ್ಷೆಯಲ್ಲಿ ಪಾಸಾದ ಪ್ರೋಗ್ರಾಂ ಇಲ್ಲಿ ಸಿಕ್ಕಿಬಿತ್ತು. ವಿಷಯ ಏನಪ್ಪಾ ಅಂದರೆ, ಎಕ್ಕ-2-3-4-5 ಸ್ಟ್ರೈಟ್ ಅಂತ ಗುರುತಿಸುತ್ತಿತ್ತು ನಿಜ, ಆದರೆ ಅದರ ಬಲಕ್ಕೆ ದೊಡ್ಡ ಎಲೆ ಯಾವುದು ಅಂತ ನೋಡಿ ಎಕ್ಕದ 14ನ್ನೇ ಬರೆದಿಡುತ್ತಿತ್ತು. ಎಲ್ಲಕ್ಕಿಂತ ಚಿಕ್ಕ ಸ್ಟ್ರೈಟ್, ಎಲ್ಲಕ್ಕಿಂತ ದೊಡ್ಡದಾದ 10-ಗುಲಾಮ-ರಾಣಿ-ರಾಜ-ಎಕ್ಕದ ಜೊತೆ ಸರಿಸಮ ಕೂತಿತ್ತು. ಸ್ಟ್ರೈಟ್‌ನಲ್ಲಿ ಒಂದು, ಸ್ಟ್ರೈಟ್ ಫ್ಲಶ್‌ನಲ್ಲಿ ಒಂದು, ಒಟ್ಟು ಎರಡು ಮಟ್ಟ ಕರಗಿಹೋಗಿದ್ದವು. ಈ ಪರೀಕ್ಷೆ ಮಾಡದೆ ಬಿಟ್ಟಿದ್ದರೆ ವರ್ಷವಾದರೂ ಗೊತ್ತಾಗುತ್ತಿರಲಿಲ್ಲ.

ಏಳು ಎಲೆ

ಏಳರಲ್ಲಿ ಐದನ್ನು ಆರಿಸುವ ಬಗೆ 21. ಹಾಗಾಗಿ ಮೊದಲ ದಾರಿ ಸುಲಭ, ಇಪ್ಪತ್ತೊಂದನ್ನೂ ನೋಡಿ ದೊಡ್ಡದನ್ನು ಇಟ್ಟುಕೊಳ್ಳುವುದು. ಇದು ಸರಿಯಾಗಿ ಕೆಲಸ ಮಾಡಿತು, ಆದರೆ ಬಹಳ ನಿಧಾನ. ಫ್ಲಾಪ್‌ಗೂ ಮುಂಚೆ ಇಬ್ಬರ ಎಲೆ ಗೊತ್ತಿದ್ದರೆ ಮೇಜಿನ ಮೇಲೆ ಬೀಳಬಹುದಾದ ಐದು ಎಲೆಗಳ ಗುಂಪು 17,12,304. ಒಂದೊಂದಕ್ಕೂ ಇಬ್ಬರಿಗೆ 21 ಸಲ ಅಂದರೆ ಏಳು ಕೋಟಿ ದಾಟುತ್ತದೆ. ಪೈಥಾನ್ ಏದುಸಿರು ಬಿಟ್ಟಿತು.

ಅದಕ್ಕೆ ಏಳನ್ನೂ ಒಟ್ಟಿಗೆ ನೋಡುವ ಹೊಸ ತುಂಡು ಬರೆದೆ. ಯಾವ ದರ್ಜೆ ಎಷ್ಟು ಸಲ ಬಂದಿದೆ, ಯಾವ ಸೂಟ್ ಎಷ್ಟು ಸಲ ಬಂದಿದೆ, ಅಷ್ಟೇ ನೋಡಿ ತೀರ್ಪು. ಏಳು ಎಲೆಯ ಗುಂಪುಗಳು 13,37,84,560. ರಾತ್ರಿ ಓಡಲು ಬಿಟ್ಟು ಮಲಗಿದೆ. ಬೆಳಗ್ಗೆ ನೋಡಿದರೆ ಎರಡು ಕಡೆ ಎಡವಟ್ಟು.

ಮೊದಲನೆಯದು ಸ್ಟ್ರೈಟ್ ಫ್ಲಶ್. 41,584 ಬರಬೇಕಾದ ಕಡೆ ಅದಕ್ಕಿಂತ ಎಷ್ಟೋ ಜಾಸ್ತಿ. "ಫ್ಲಶ್ ಇದೆಯಾ? ಇದೆ. ಸ್ಟ್ರೈಟ್ ಇದೆಯಾ? ಇದೆ. ಹಾಗಾದ್ರೆ ಸ್ಟ್ರೈಟ್ ಫ್ಲಶ್" ಅಂತ ಬರೆದಿದ್ದೆ. ಐದು ಎಲೆಯಲ್ಲಿ ಇದು ಸರಿ. ಏಳರಲ್ಲಿ ಹಾರ್ಟ್ 5, 6, 7, 8, ರಾಜ, ಜೊತೆಗೆ ಸ್ಪೇಡ್ 9, ಕ್ಲಬ್ 2 ಇದ್ದರೆ? ಫ್ಲಶ್ ಹಾರ್ಟ್‌ನದು, ಸ್ಟ್ರೈಟ್‌ಗೆ ಬೇಕಾದ 9 ಸ್ಪೇಡ್‌ನದು. ಎರಡೂ ಇವೆ, ಆದರೆ ಒಂದೇ ಐದು ಎಲೆಯಲ್ಲಿ ಇಲ್ಲ. ಫ್ಲಶ್ ಆದ ಸೂಟಿನ ಒಳಗೆ ಮಾತ್ರ ಸ್ಟ್ರೈಟ್ ಹುಡುಕು ಅಂತ ಬದಲಾಯಿಸಿದೆ.

ಎರಡನೆಯದು ನನ್ನನ್ನು ಪೂರ್ತಿ ಒಂದು ಸಂಜೆ ಸತಾಯಿಸಿತು. ಫುಲ್ ಹೌಸ್ 34,73,184 ಬರಬೇಕಿತ್ತು, 54,912 ಕಡಿಮೆ ಬಂತು. ಆ 54,912 ನನಗೆ ಗೊತ್ತಿದ್ದ ಸಂಖ್ಯೆ! ಐದು ಎಲೆಯಲ್ಲಿ ಮೂರು ಒಂದೇ ದರ್ಜೆಯದಾಗಿರುವ ಹ್ಯಾಂಡ್‌ಗಳು ಅಷ್ಟೇ ಇವೆ. ಸರಿ, ಹಳೆಯ ಐದೆಲೆ ತುಂಡಿನಿಂದ ಏನೋ ಇಲ್ಲಿ ಸೋರಿಕೊಂಡು ಬಂದಿದೆ ಅಂತ ಅಲ್ಲೆಲ್ಲಾ ಕೆದಕಿದೆ. ಏನೂ ಇರಲಿಲ್ಲ.

ಅದು ಬರೀ ಕಾಕತಾಳೀಯ. ಏಳು ಎಲೆಯಲ್ಲಿ ಮೂರು ರಾಜ, ಮೂರು 9, ಇನ್ನೊಂದು ಬೇರೆ ಎಲೆ ಬರಬಹುದು ಅಲ್ವಾ? ಅದೂ ಫುಲ್ ಹೌಸೇ, ಮೂರು ರಾಜ ಎರಡು 9. ನಾನು "ಒಂದು ಮೂರು, ಒಂದು ಎರಡು" ಅಂತ ಮಾತ್ರ ಹುಡುಕುತ್ತಿದ್ದೆ. ಎರಡು ದರ್ಜೆ ಆರಿಸುವ ಬಗೆ 78, ಒಂದೊಂದರಲ್ಲೂ ಮೂರು ಎಲೆ ಆರಿಸಲು 4 × 4, ಏಳನೆಯ ಎಲೆಗೆ 44. ಗುಣಿಸಿದರೆ 54,912. ಐದೆಲೆಯ ಲೆಕ್ಕ ಬೇರೆಯೇ ದಾರಿಯಲ್ಲಿ ಅದೇ ಸಂಖ್ಯೆಗೆ ಬಂದು ಮುಟ್ಟುತ್ತದೆ, 13 × 4 × 66 × 16. ಗೊತ್ತಿದ್ದ ನಂಬರು ಕಂಡ ಕೂಡಲೇ ಅದರ ಹಿಂದೆ ಓಡಿದ್ದಕ್ಕೆ ಒಂದು ಸಂಜೆ ಹೋಯಿತು.

ಇದರ ನಡುವೆ ಇನ್ನೊಂದು ತಪ್ಪು ಸಿಕ್ಕಿತು ಅಂದುಕೊಂಡೆ, ಆದರೆ ಅದು ತಪ್ಪಾಗಿರಲಿಲ್ಲ. ಏಳೆಲೆಯಲ್ಲಿ ಏನೂ ಇಲ್ಲದ, ಬರೀ ದೊಡ್ಡ ಎಲೆಯ ಹ್ಯಾಂಡ್ 2,32,94,460. ಎರಡು ಜೋಡಿ 3,14,33,400. ಏನೂ ಸಿಗದಿರುವುದೇ ಎರಡು ಜೋಡಿಗಿಂತ ಅಪರೂಪ! ಏಳು ಎಲೆ ಸುರಿದರೆ ಏನಾದರೊಂದು ಹೊಂದಿಯೇ ಹೊಂದುತ್ತದೆ. ಆದರೂ ಆಟದಲ್ಲಿ ಐದೆಲೆಯ ಕ್ರಮವನ್ನೇ ಇಟ್ಟುಕೊಂಡಿದ್ದಾರೆ.

ಬೆಟ್ಟಿಂಗ್ ಲೆಕ್ಕ

ಕಾಲ್ ಮಾಡಬೇಕಾ ಬೇಡವಾ ಅಂತ ಹೇಳುವ ತುಂಡು ಮೂರೇ ಸಾಲು. ಅದರಲ್ಲೂ ಎಡವಿದೆ. ಮೊದಲ ಸಲ ಓಡಿಸಿದಾಗ "ಶೇ. 50 ಬೇಕು, ಫೋಲ್ಡ್" ಅಂದಿತು. ಫೋಲ್ಡ್ ಅಂದರೆ ಆ ಕೈ ಬಿಟ್ಟುಕೊಡು. ಪಾಟ್ ಅಂತ ನಾನು ಕೊಟ್ಟದ್ದು 60. ಅವನು ಈಗಷ್ಟೇ ತಳ್ಳಿದ 60 ಅದರಲ್ಲಿ ಸೇರಿರಲಿಲ್ಲ. ಸರಿಯಾದ ಲೆಕ್ಕ ಹೀಗೆ: ನಾನು ಕೊಡಬೇಕಾದದ್ದು ಭಾಗಿಸು, ಹಳೆಯ ಪಾಟ್ + ಅವನ ಬೆಟ್ + ನನ್ನ ಕಾಲ್. 60/180. ಅವನು ಅರ್ಧ ಪಾಟ್ ಬೆಟ್ ಮಾಡಿದ್ದರೆ 30/120, ಶೇ. 25 ಸಾಕಿತ್ತು.

ಗೆಳೆಯನ 19 ಯಾವಾಗ ಸರಿ ಅಂತಲೂ ನೋಡಿದೆ. ಅವನ ಹತ್ತಿರ ಇನ್ನೂ ಚಿಪ್ಸ್ ಇದ್ದು, ಟರ್ನ್‌ನಲ್ಲಿ ಮತ್ತೆ ಬೆಟ್ ಮಾಡುತ್ತಾನೆ, ಹಾರ್ಟ್ ಬರದಿದ್ದರೆ ನಾನು ಬಿಟ್ಟುಕೊಡುತ್ತೇನೆ ಅಂತಿಟ್ಟುಕೊಳ್ಳಿ. ಆಗ 60 ಕೊಟ್ಟು ಕೊಳ್ಳುವುದು ಒಂದೇ ಎಲೆ. 47ರಲ್ಲಿ 38 ಸಲ 60 ಹೋಗುತ್ತದೆ, 9 ಸಲ 120 ಬರುತ್ತದೆ. 2,280 ಹೋಗಿ 1,080 ಬಂತು. ಸರಿದೂಗಬೇಕಾದರೆ ಹಾರ್ಟ್ ಬಿದ್ದ ಪ್ರತಿ ಸಲವೂ ಅವನಿಂದ ಇನ್ನೂ 133 ಚಿಪ್ಸ್ ಕೀಳಬೇಕು. ಮೂರು ಹಾರ್ಟ್ ಮೇಜಿನ ಮೇಲೆ ಕಂಡ ಮೇಲೂ ಅವನು ಅಷ್ಟು ಕೊಡುತ್ತಾನಾ? ನನಗೆ ಡೌಟು.

ಆ ಹ್ಯಾಂಡ್ ಹಾಕಿ ನೋಡಿದೆ

ಈಗ ಬಂತು ನೋಡಿ. ಫ್ಲಾಪ್ ಬಿದ್ದ ಮೇಲೆ ಇಬ್ಬರ ಎಲೆಯೂ ಗೊತ್ತಿದ್ದರೆ ಉಳಿದದ್ದು 45, ಬರಬಹುದಾದ ಎರಡೆಲೆ ಜೋಡಿ 990. ಅಂದಾಜು ಬೇಡ, ಎಲ್ಲಾ 990ನ್ನೂ ಆಡಿಸಿದರೆ ಕ್ಷಣದಲ್ಲಿ ಮುಗಿಯುತ್ತದೆ.

ಎದುರಾಳಿ ಹತ್ತಿರ ಸ್ಪೇಡ್ ಎಕ್ಕ, ಡೈಮಂಡ್ ರಾಜ ಇದೆ ಅಂತ ಕೊಟ್ಟೆ. ನಾನು ಗೆಲ್ಲುವುದು 367. ಶೇ. 37.1. ನನ್ನ 35ಕ್ಕಿಂತ ಜಾಸ್ತಿ! ಗುಲಾಮ ಮತ್ತು 7 ಎರಡೂ ಬಂದು, ಅಥವಾ ಎರಡು ಗುಲಾಮ ಬಂದು ಗೆಲ್ಲುವುದು ಕೂಡ ಅದರಲ್ಲಿ ಸೇರಿದೆ.

ಅವನು ನಿಜವಾಗಿ ಹಿಡಿದಿದ್ದ ಎರಡು 4 ಕೊಟ್ಟೆ. 244. ಶೇ. 24.6.

ಎಕ್ಕ-ರಾಣಿ ಎರಡೂ ಹಾರ್ಟ್ ಕೊಟ್ಟೆ. ಅಂದರೆ ಅವನದೂ ಫ್ಲಶ್ ಕಾಯುವ ಕೈ, ನನ್ನದಕ್ಕಿಂತ ದೊಡ್ಡದು. 162. ಶೇ. 16.4. ಇಲ್ಲಿ ಹಾರ್ಟ್ ಬಂದರೆ ನನಗೆ ಖುಷಿಯಲ್ಲ, ನಷ್ಟ. ನಾನು ಪ್ರೀತಿಯಿಂದ ಎಣಿಸಿದ ಔಟ್ಸ್ ಒಂದೂ ನನ್ನದಲ್ಲ.

ಎರಡು 4ರ ಕಥೆಯನ್ನು ಸ್ವಲ್ಪ ಬಿಚ್ಚಿ ನೋಡಿದೆ. ಒಂಬತ್ತು ಹಾರ್ಟ್‌ನಲ್ಲಿ ಹಾರ್ಟ್ 2 ಬಂದರೆ ನನಗೆ ಫ್ಲಶ್, ಆದರೆ ಮೇಜಿನ ಮೇಲೆ 2ರ ಜೋಡಿಯಾಗಿ ಅವನಿಗೆ ಫುಲ್ ಹೌಸ್. ಆ ಔಟ್ ಕೆಟ್ಟದ್ದು. ಉಳಿದ ಎಂಟರಲ್ಲಿ ಒಂದು ಟರ್ನ್‌ನಲ್ಲಿ ಬಂದರೂ ಮುಗಿಯಲಿಲ್ಲ. ನಾನು ಕುರ್ಚಿಯಿಂದ ಎದ್ದ ಆ ಹೊತ್ತಿನಲ್ಲಿ ಉಳಿದಿದ್ದ ಎಲೆ 44. ಮೂರು ರಾಜ, ಮೂರು 2, ಮೂರು 9, ಒಂದು 4. ಹತ್ತು ಎಲೆ ಅವನನ್ನು ಗೆಲ್ಲಿಸುತ್ತಿದ್ದವು, ಹೆಚ್ಚುಕಡಿಮೆ ಶೇ. 23. ಎದ್ದದ್ದು ಬೇಗ ಆಯಿತು.

ಅವನ ಕೈಯಲ್ಲಿ ಏನಿರಬಹುದು

ಕಾಲ್ ಮಾಡುವಾಗ ನನಗೆ ಅವನ ಎಲೆ ಗೊತ್ತಿರಲಿಲ್ಲ. ಆದ್ದರಿಂದ 24.6 ತೋರಿಸಿ "ತಪ್ಪು ಮಾಡಿದೆ" ಅನ್ನುವುದೂ ಸರಿಯಲ್ಲ. ಅವನು ಹಾಗೆ ತಳ್ಳಬಹುದಾದ ಎಲ್ಲಾ ಕೈಗಳನ್ನೂ ಸೇರಿಸಿ ಸರಾಸರಿ ತೆಗೆಯಬೇಕು. ಮೊದಲು ಅಂದುಕೊಂಡದ್ದು: ಎಕ್ಕ-ರಾಜ, ಅಥವಾ ಜೋಡಿ ರಾಜ, ಜೋಡಿ 4, ಜೋಡಿ 2.

ಪ್ರೋಗ್ರಾಂ ಶೇ. 27.4 ಅಂದಿತು. ತೀರಾ ಕಡಿಮೆ ಅನ್ನಿಸಿತು. ನೋಡಿದರೆ ನಾಲ್ಕು ಬಗೆಗೂ ಸಮಪಾಲು, ಕಾಲು ಕಾಲು ಹಂಚಿದ್ದೆ. ಎಲೆಗಳು ಹಾಗೆ ಬರುವುದಿಲ್ಲ. ಒಂದು ರಾಜ ಮೇಜಿನ ಮೇಲೆ ಇದೆ, ಉಳಿದದ್ದು ಮೂರು. ನಾಲ್ಕು ಎಕ್ಕ, ಮೂರು ರಾಜ, ಅಂದರೆ ಎಕ್ಕ-ರಾಜ 12 ಬಗೆಯಲ್ಲಿ ಬರಬಹುದು. ಜೋಡಿ ರಾಜ ಬರೀ 3 ಬಗೆ. ಜೋಡಿ 4, ಜೋಡಿ 2 ಕೂಡ ತಲಾ 3. ಹಾಗಾಗಿ 12ಕ್ಕೆ 9. ಎಕ್ಕ-ರಾಜದ ಹನ್ನೆರಡರಲ್ಲಿ ಮೂರರಲ್ಲಿ ಹಾರ್ಟ್ ಎಕ್ಕ ಅವನ ಹತ್ತಿರವೇ ಇರುತ್ತದೆ, ಅಲ್ಲಿ ನನ್ನ ಪಾಲು 31ಕ್ಕೆ ಇಳಿಯುತ್ತದೆ. ಹನ್ನೆರಡರ ಸರಾಸರಿ 35.6. ಒಂಬತ್ತು ಜೋಡಿಗಳಲ್ಲೂ 24.6. ಸರಿಯಾಗಿ ತೂಗಿದ ಮೇಲೆ ಬಂದದ್ದು ಶೇ. 30.9.

ಬೇಕಿದ್ದದ್ದು 33.3. ಅಂದರೆ ಪ್ರತಿ ಕಾಲ್‌ಗೆ ಸರಾಸರಿ 4 ಚಿಪ್ಸ್‌ಗಿಂತ ಸ್ವಲ್ಪ ಜಾಸ್ತಿ ನಷ್ಟ. ನಾನು ಸೋತೆ ಅನ್ನೋಣವೇ? ಅಷ್ಟು ಸುಲಭಕ್ಕೆ ಒಪ್ಪಲಿಲ್ಲ. ರಾಜ-ರಾಣಿ ಇದ್ದರೂ ಅವನು ತಳ್ಳುತ್ತಾನೆ ಅಂತ ಇನ್ನೂ 12 ಬಗೆ ಸೇರಿಸಿದೆ. ಶೇ. 32.6. ಈಗಲೂ ಕೂದಲೆಳೆಯಷ್ಟು ಕಡಿಮೆ.

ಇಲ್ಲಿ ಒಂದು ತಮಾಷೆ ನಡೆಯಿತು. ಈ ಸರಾಸರಿ ತೆಗೆಯಲು ಎರಡು ದಾರಿ ಇಟ್ಟಿದ್ದೆ. ಒಂದು ಪೂರ್ತಿ ಎಣಿಕೆ. ಇನ್ನೊಂದು ಮಾಂಟೆ ಕಾರ್ಲೊ, ಅಂದರೆ ಎಲೆ ಕಲೆಸಿ 10,000 ಸಲ ಆಡಿಸಿ ಎಷ್ಟು ಗೆದ್ದೆ ಅಂತ ನೋಡುವುದು. ಎರಡನೆಯದನ್ನು ಇಪ್ಪತ್ತು ಸಲ ಓಡಿಸಿದೆ. ಹತ್ತೊಂಬತ್ತು ಸಲ ಫೋಲ್ಡ್ ಅಂದಿತು, ಒಂದು ಸಲ ಕಾಲ್ ಅಂದಿತು. ಪ್ರೋಗ್ರಾಂ ಕೆಟ್ಟಿರಲಿಲ್ಲ. 10,000 ಆಟಕ್ಕೆ ಉತ್ತರ ಆಚೀಚೆ ಸುಮಾರು 0.9 ಅಂಶ ತೂಗಾಡುತ್ತದೆ, ಇಲ್ಲಿರುವ ಅಂತರವೇ 0.7 ಚಿಲ್ಲರೆ. ಲಕ್ಷ ಸಲ ಆಡಿಸಿದರೆ ತೂಗಾಟ ಮೂರರಲ್ಲಿ ಒಂದಾಗುತ್ತದೆ. ಹತ್ತು ಪಟ್ಟು ಕೆಲಸಕ್ಕೆ ಮೂರು ಪಟ್ಟು ನಿಖರತೆ, ಅಷ್ಟೇ.

ಎಲೆ ಕಲೆಸುವ ತುಂಡು ಮಾತ್ರ ನಾನು ಬರೆಯಲಿಲ್ಲ, ಪೈಥಾನ್ ಜೊತೆ ಬರುವುದನ್ನೇ ಬಳಸಿದೆ. 1999ರಲ್ಲಿ ಒಂದು ಆನ್‌ಲೈನ್ ಪೋಕರ್ ಪ್ರೋಗ್ರಾಂ ತನ್ನ ಕಲೆಸುವ ವಿಧಾನವನ್ನು ಬಹಿರಂಗವಾಗಿ ತೋರಿಸಿಕೊಂಡು, ತಜ್ಞರ ಕೈಗೆ ಸಿಕ್ಕಿಬಿದ್ದ ಕಥೆ ಓದಿದ್ದೆ. ಅದು ಮಧ್ಯರಾತ್ರಿಯಿಂದ ಎಷ್ಟು ಮಿಲಿಸೆಕೆಂಡ್ ಕಳೆಯಿತು ಅನ್ನುವುದನ್ನೇ ಬೀಜವಾಗಿ, ಅಂದರೆ ಕಲೆಸುವ ಲೆಕ್ಕ ಶುರುವಾಗುವ ಸಂಖ್ಯೆಯಾಗಿ, ಹಿಡಿಯುತ್ತಿತ್ತು. ದಿನಕ್ಕೆ 8,64,00,000 ಮಿಲಿಸೆಕೆಂಡ್. ಎಲೆಗಳನ್ನು ಜೋಡಿಸುವ ಬಗೆಗಳೋ, ಹೆಚ್ಚುಕಡಿಮೆ 8ರ ಮುಂದೆ 67 ಸೊನ್ನೆ. ಸಾಲದ್ದಕ್ಕೆ ಕೊನೆಯ ಎಲೆ ಕೊನೆಯ ಜಾಗದಲ್ಲಿ ಉಳಿಯುವುದು ಅದರಲ್ಲಿ ಸಾಧ್ಯವೇ ಇರಲಿಲ್ಲ. ಅಂಥವರೇ ಎಡವಿದ ಕಡೆ ನನಗೇನು ಕೆಲಸ.

ತೋರಿಸಿದ್ದು

ಶನಿವಾರ ಲ್ಯಾಪ್‌ಟಾಪ್ ಅವನ ಮುಂದೆ ಇಟ್ಟೆ. 19 ಅಲ್ಲ ಅನ್ನುವುದನ್ನು ಒಪ್ಪಿಕೊಂಡ. 35 ಕೂಡ ಅಲ್ಲ ಅನ್ನುವುದನ್ನು ನಾನು ಒಪ್ಪಿಕೊಂಡೆ. ಆಮೇಲೆ ಪಟ್ಟಿಯ ಮೇಲೆ ಬೆರಳಿಟ್ಟ.

"ನಾನು ರಾಜ-ರಾಣಿ ಹಿಡ್ಕೊಂಡು ಆಲ್ ಇನ್ ಹೋಗ್ತೀನಿ ಅಂತ ನಿನಗೆ ಯಾರು ಹೇಳಿದ್ದು?"

"ಹೋಗಲ್ವಾ?"

"ಅದನ್ನು ನಿನಗ್ಯಾಕೆ ಹೇಳಲಿ?"

ಸರಿಯಾದ ಪ್ರಶ್ನೆಯೇ. 990 ಜೋಡಿ ಎಣಿಸುವುದು ಪ್ರೋಗ್ರಾಂ ಕೆಲಸ. ಆ ಪಟ್ಟಿಯಲ್ಲಿ 12 ಇರಬೇಕಾ, ಸೊನ್ನೆಯಾ ಅನ್ನುವುದು ನಾನೇ ಊಹಿಸಿ ತುಂಬಿದ್ದು. ಬರೀ ಬ್ಲಫ್‌ಗೆಂದೇ ಅವನು ತಳ್ಳುವ ಕೈಗಳು ಎಷ್ಟು ಅನ್ನುವ ಖಾನೆ ಇನ್ನೂ ಖಾಲಿ. ಅಲ್ಲಿ ನಾಲ್ಕೈದು ಬಗೆ ಸೇರಿದರೂ ಫೋಲ್ಡ್ ಹೋಗಿ ಕಾಲ್ ಆಗಬಹುದು.

ಈಗ ಆಟದ ಮೇಜಿನ ಪಕ್ಕ ಒಂದು ಸಣ್ಣ ನೋಟ್‌ಬುಕ್ ಇಟ್ಟುಕೊಳ್ಳುತ್ತೇನೆ. ಫ್ಲಾಪ್‌ನಲ್ಲಿ ಅವನು ಆಲ್ ಇನ್ ಹೋಗಿ ಎಲೆ ತೋರಿಸಿದಾಗೆಲ್ಲ ಒಂದು ಸಾಲು. ಇಲ್ಲಿತನಕ ಹನ್ನೊಂದು ಸಾಲಾಗಿದೆ. ಒಂದರಲ್ಲೂ ರಾಜ-ರಾಣಿ ಇಲ್ಲ.